ಬೆನ್ನೆಲುಬೂ ಮುಂಜಾನೆಯ ಕೆಲಸವೂ

ನಮ್ಮ ಊರು ಬೈರಾಪಟ್ಟಣ. ಮನೆಯಲ್ಲಿ ರೇಷ್ಮೆಹುಳು ಸಾಕುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಎಣೆಯಿಲ್ಲ. ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲಿಯೇ ತಿಂದುಬಿಡುತ್ತದೆ. ಹೋದ ವರ್ಷ ಅಂಥದೊಂದು ದಿನ ನಸುಕಿನಲ್ಲಿ ನಮ್ಮ ತಂದೆಯವರು ಹಾಸಿಗೆಯಿಂದ ಎದ್ದವರೇ ತೋಟಕ್ಕೆ ಹೋಗಿ, ಸೊಪ್ಪಿನ ಹೊರೆಯನ್ನು ನಡು ಬಗ್ಗಿಸಿ, ಪಕ್ಕಕ್ಕೆ ತಿರುಗುತ್ತ ಎತ್ತಿದರು. ಹೊರೆ ಅಲ್ಲಿಯೇ ಬಿತ್ತು. ಅವರು ನೆಟ್ಟಗಾಗಲಿಲ್ಲ. ನೋವು ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಇಳಿಯಿತು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಉಂಟು. ಅಂಥವರನ್ನು ಕರೆತರುವ ಮಾತೂ ನಡೆಯಿತು. ನರ ಒತ್ತಿಕೊಂಡಿರುವ ಬೆನ್ನನ್ನು ಒದೆಯುವುದೆಂದರೆ ಎಂಥ ಅನಾಹುತ! ಪುಣ್ಯಕ್ಕೆ ವೈದ್ಯರ ಬಳಿಗೇ ಹೋದೆವು. ಅವರು ಹೇಳಿದುದನ್ನು ಕೇಳಿ, ಆಮೇಲೆ ನಾನು ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆನ್ನೆಲುಬು ಒಂದೇ ಎಲುಬಲ್ಲ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಮೂಳೆಗಳು. ಅವುಗಳ ಕೆಳಗೆ ಒಂದಾಗಿ ಬೆಸೆದುಕೊಂಡವು ಬೇರೆ. ತೀರ ಮೇಲಿನ ಎರಡನ್ನು ಬಿಟ್ಟರೆ ಮೂಳೆಗೂ ಮೂಳೆಗೂ ನಡುವೆ ಮೆತ್ತೆಯಂಥ ಒಂದು ಬಿಲ್ಲೆಯಿದೆ. ಹೊರಗೆ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ನಾವು ಮಲಗಿದಾಗ ಈ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಹಗಲೆಲ್ಲ ಮೈಭಾರಕ್ಕೆ ಕುಗ್ಗುತ್ತವೆ. ಆದುದರಿಂದಲೇ ಮನುಷ್ಯನು ಸಂಜೆಗಿಂತ ಬೆಳಿಗ್ಗೆ ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ನಂಬದವರು ಗೋಡೆಗೆ ಗೆರೆ ಹಾಕಿ ನೋಡಬಹುದು, ನಾನು ನೋಡಿದ್ದೇನೆ.

ಉಬ್ಬಿದ ಬಿಲ್ಲೆಯನ್ನು ಬಗ್ಗಿಸಿದರೆ ನಾರಿನ ಬಳೆಗೆ ಹೆಚ್ಚು ಬಿಗಿ ಬೀಳುತ್ತದೆ. ಹಳೆಯ ಸೊಂಟನೋವಿನವರು ಬೆಳಗಿನ ಮೊದಲ ಹೊತ್ತಿನಲ್ಲಿ ಬಗ್ಗುವುದನ್ನು ಬಿಟ್ಟಾಗ ಅವರ ನೋವು ಕಡಿಮೆಯಾಯಿತೆಂದು ಅಮೆರಿಕದ ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ನಮ್ಮ ಹಳ್ಳಿಗಳಲ್ಲಿಯಾದರೋ ಅಂಗಳ ಗುಡಿಸುವುದು, ಸಗಣಿ ಬಾಚುವುದು, ರಂಗೋಲಿ ಇಡುವುದು, ಸೊಪ್ಪು ಕೊಯ್ಯುವುದು ಎಲ್ಲವೂ ಎದ್ದ ಗಳಿಗೆಯಲ್ಲಿಯೇ, ಎಲ್ಲವೂ ಬಗ್ಗಿಯೇ! ಹುಳುವಿಗೆ ಕಾಯೆನ್ನಲಾಗದು. ಆದರೆ ಎದ್ದೊಡನೆ ಅರ್ಧ ಗಂಟೆಯಿಂದ ಒಂದು ಗಂಟೆ ನಡೆದಾಡುವ, ನಿಂತು ಮಾಡುವ ಕೆಲಸಗಳನ್ನು ಮುಗಿಸಿ ಅನಂತರ ಬಗ್ಗಬಹುದಲ್ಲವೆ?

ಇನ್ನು ಹೊರೆ. ನಾವು ಕಲಾ ವಿಭಾಗದವರಾದರೂ ಪ್ರೌಢಶಾಲೆಯ ಸನ್ನೆಕೋಲಿನ ಪಾಠವನ್ನು ಮರೆತಿರಲಾರೆವು. ಬೆನ್ನಿನ ಸ್ನಾಯುಗಳು ಬೆನ್ನೆಲುಬಿನಿಂದ ಸುಮಾರು 5 ಸೆಂ.ಮೀ. ಹಿಂದಿನಿಂದ ಎಳೆಯುತ್ತವೆ. 20 ಕಿಲೋ ಹೊರೆಯನ್ನು 50 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯುಗಳು 200 ಕಿಲೋ ತೂಕದಷ್ಟು ಎಳೆಯಬೇಕು. ಹೊಟ್ಟೆಗೆ ತಾಗಿಸಿ 25 ಸೆಂ.ಮೀ.ಗೆ ತಂದರೆ 100 ಸಾಕು. ಮೊಳಕಾಲು ಮಡಿಸಿ, ಹೊರೆಯನ್ನು ಮೈಗೆ ಒತ್ತಿಕೊಂಡು ಎದ್ದು, ತಿರುಗಬೇಕಾದರೆ ನಡು ತಿರುಚದೆ ಹೆಜ್ಜೆ ಇಟ್ಟು ತಿರುಗಬೇಕು. ಶಾಲೆಯಲ್ಲಿ ಶಿಕ್ಷೆಯೆಂದು ಹೊಡೆಸುತ್ತಿದ್ದ ಬಸ್ಕಿ ಇದಕ್ಕೆ ಒಳ್ಳೆಯ ತಾಲೀಮು ಎಂಬುದು ಈಗ ತಿಳಿಯಿತು.

ತಂದೆಯವರಿಗೆ ವೈದ್ಯರು ಒಂದೆರಡು ದಿನ ಮಾತ್ರ ಮಲಗಲು ಹೇಳಿ, ಆಮೇಲೆ ನಡೆಸಿದರು. ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನು ಈಗ ಬಿಟ್ಟಿದ್ದಾರೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲು ಬಲಗುಂದಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಿದ್ದರು. ನೋವು ಇಳಿದ ಮೇಲೆ ಎರಡು ವ್ಯಾಯಾಮ ಕಲಿಸಿದರು: ಅಂಗಾತ ಮಲಗಿ ಮೊಳಕಾಲು ಮಡಿಸಿ ಸೊಂಟವನ್ನು ಮೇಲೆತ್ತುವುದು, ಕೈ ಮೊಳಕಾಲೂರಿ ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ನೀಡುವುದು, ಆಮೇಲೆ ಕೈಕಾಲು ಬದಲಿಸುವುದು.

ತಂದೆಯವರು ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ. ಒಂದು ಹೊರೆಯನ್ನು ಎರಡು ಮಾಡಿ ತರುತ್ತಾರೆ. ತಾಯಿಗೆಂದು ನಾನು ತಂದ ಉದ್ದ ಹಿಡಿಯ ಪೊರಕೆ ಕೊಟ್ಟಿಗೆಯಲ್ಲಿ ಬಳಕೆಯಾಗುತ್ತಿದೆ. ಮುಂದಿನ ಅಂಗಳಕ್ಕೆ ಮಾತ್ರ ಅವರಿಗೆ ಮೋಟು ಪೊರಕೆಯೇ ಆಗಬೇಕು. ಈಗ ಅದನ್ನು ಹಾಲು ಡೈರಿಗೆ ಹಾಕಿ ಬಂದ ಮೇಲೆ ಗುಡಿಸುತ್ತಾರೆ.