ಅಕಾಲ ಮಳೆಯ ದಿನಗಳಲ್ಲಿ ಅಡಿಕೆ, ಕಾಫಿ ದಾಸ್ತಾನು



ಕೊಯ್ಲಿನ ಕಾಲಕ್ಕೆ ಬಿಸಿಲು ಬಂದೇ ಬರುತ್ತದೆಂದು ನಂಬಿ ನಮ್ಮ ಹಿರಿಯರು ಅಂಗಳ ಸಾರಿಸುತ್ತಿದ್ದರು. ಈಗ ಆ ನಂಬಿಕೆಗೆ ಆಧಾರವಿಲ್ಲ. 2021ರ ಜನವರಿಯಲ್ಲಿ ಕಾಫಿ ಕಣದಲ್ಲಿದ್ದಾಗಲೇ ಮಳೆ ಸುರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಭಾರೀ ಮಳೆಯಾಯಿತು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿಯುತ್ತದೆ. ಬಿದ್ದ ಮಳೆ ಜೋರಾಗಿಯೇ ಬೀಳುತ್ತದೆ.

ಸಣ್ಣ ಹಿಡುವಳಿದಾರನಿಗೆ ಮನೆಯಲ್ಲಿಟ್ಟ ಚಾಲಿಯೇ ಬ್ಯಾಂಕು. ಹಳೆ ಅಡಿಕೆಗೆ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚು ಧಾರಣೆ. ಮದುವೆಗೋ ಮಕ್ಕಳ ಓದಿಗೋ ಬೇಕಾದಾಗ ಸುಲಿದು ಮಾರುತ್ತೇವೆ. ಹಿಂದೆ ಅಟ್ಟದ ಕೆಳಗೆ ಒಲೆಯ ಬಿಸಿ, ಹೊಗೆ ಇರುತ್ತಿತ್ತು. ಈಗ ಗ್ಯಾಸಿನ ಒಲೆ, ಕಾಂಕ್ರೀಟ್ ಕೋಣೆ. ಒಂದು ವರ್ಷ ನಾವೂ ಮೋಡಕ್ಕೆ ಹೆದರಿ ಅರೆ ಒಣಗಿದ ಚಾಲಿಯನ್ನು ಗೋಣಿಗೆ ತುಂಬಿದೆವು. ಮಳೆಗಾಲ ಕಳೆದು ಸುಲಿದರೆ ಒಳಗೆಲ್ಲ ಬೂಸ್ಟು. ಒಳ್ಳೆಯ ಅಡಿಕೆ ಕರಿಗೋಟಿನ ದರಕ್ಕೆ ಹೋಯಿತು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಹಣ್ಣಡಿಕೆಗೆ 35ರಿಂದ 45 ದಿನಗಳ ಒಳ್ಳೆಯ ಬಿಸಿಲು ಬೇಕು. ಒಂದೇ ಪದರದಲ್ಲಿ ಹರಡಿ, ವಾರಕ್ಕೊಮ್ಮೆ ಮಗುಚಬೇಕು. ಮೋಡವಿದ್ದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ತುಂಬುವ ಮುನ್ನ ಅಂಗಳದ ಬೇರೆ ಬೇರೆ ಕಡೆಯಿಂದ ಹತ್ತು ಅಡಿಕೆ ಆರಿಸಿ ಒಡೆದು ನೋಡಬೇಕು.

2. ಪಾರ್ಚ್‌ಮೆಂಟ್ ಕಾಫಿಯನ್ನು ಸುಮಾರು 4 ಸೆಂ.ಮೀ., ಚೆರ್ರಿಯನ್ನು ಸುಮಾರು 8 ಸೆಂ.ಮೀ. ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಬೇಕು. ಸಂಜೆ ರಾಶಿ ಮಾಡಿ ಮುಚ್ಚಬೇಕು. ಪಾರ್ಚ್‌ಮೆಂಟಿನಲ್ಲಿ ತೇವ ಶೇ. 10ಕ್ಕೆ, ರೋಬಸ್ಟಾ ಚೆರ್ರಿಯಲ್ಲಿ ಶೇ. 11ಕ್ಕೆ ಇಳಿಯಬೇಕು. ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಕುಲುಕಿದರೆ ಗಲಗಲ ಸದ್ದು ಬರುತ್ತದೆ.

3. ಪಾರದರ್ಶಕ ಪಾಲಿಥೀನ್ ಚಪ್ಪರ ಕಟ್ಟುವವರು ಎರಡೂ ತುದಿಗಳಲ್ಲಿ ಗಾಳಿಗೆ ದಾರಿ ಬಿಡಬೇಕು. ಇಲ್ಲವಾದರೆ ಹಗಲು ಎದ್ದ ಆವಿ ರಾತ್ರಿ ಹನಿಯಾಗಿ ಮಾಲಿನ ಮೇಲೇ ಬೀಳುತ್ತದೆ.

4. ಮೂಟೆಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಬೇಕು. ಗೊಬ್ಬರ, ಔಷಧಿಗಳನ್ನು ಅದೇ ಕೋಣೆಯಲ್ಲಿಡಬಾರದು. ಕಾಫಿ ವಾಸನೆಯನ್ನು ಬೇಗ ಹೀರುತ್ತದೆ.

5. ಅಡಿಕೆಯನ್ನೂ ಕಾಫಿಯನ್ನೂ ಕೊರೆಯುವ ಕುಟ್ಟೆ ಹುಳು ಒಂದೇ. ಹಳೆ ದಾಸ್ತಾನಿನ ಪಕ್ಕ ಹೊಸದನ್ನು ಇಡಬಾರದು. ಹಳೆ ಗೋಣಿಗಳನ್ನು ಕೊಡವಿ, ಬಿಸಿಲಿಗೆ ಹಾಕಿಯೇ ಬಳಸಬೇಕು.

ಕೊಯ್ಲು ಶುರುವಾದ ಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ. ಚಪ್ಪರ, ಹಲಗೆ, ಗೋಣಿಗಳನ್ನು ಈಗಲೇ ಸಿದ್ಧಪಡಿಸಿಕೊಳ್ಳೋಣ.