ಮಂದ್ರಸ್ವರದ ಪೆಟ್ಟಿಗೆಯೂ ಓಮಿನ ಲೆಕ್ಕವೂ



ಕೆಲವು ವರ್ಷಗಳ ಹಿಂದಿನ ನಮ್ಮ ಸ್ನೇಹಸಮ್ಮೇಲನದ ಒಂದು ಸಂಜೆಯು ನಿಮ್ಮಲ್ಲಿ ಅನೇಕರ ನೆನಪಿನಲ್ಲಿರಬಹುದು. ಸಮೂಹಗಾನವು ಎರಡನೆಯ ನುಡಿಗೆ ಬರುವಷ್ಟರಲ್ಲಿ ಧ್ವನಿಯೆಲ್ಲ ಒಮ್ಮೆಲೇ ನಿಂತುಹೋಯಿತು. ತಂತಿಗಳನ್ನು ಜೋಡಿಸಿದ್ದ ಬಾಲಿಕೆಯನ್ನು ನಾವು ಎಲ್ಲರೆದುರಿಗೆ ಗದರಿಸಿದೆವು. ಆ ತಪ್ಪು ಆಕೆಯದಲ್ಲ, ನಮ್ಮದೇ ಎಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶವು.

ಬ್ಯಾಡಗಿಯ ಪಾಲಕರೊಬ್ಬರು ಕೊಟ್ಟ ಪ್ಲೈವುಡ್ ಹಲಗೆಗಳಿಂದ ನಮ್ಮ ಬಾಲಿಕೆಯರು ಒಂದು ಬೇಸ್ ಪೆಟ್ಟಿಗೆಯನ್ನು ಕಟ್ಟಿದ್ದರು. ಅದರಲ್ಲಿ 8 ಓಮಿನ ಎರಡು ಸ್ಪೀಕರುಗಳು ಸಮಾಂತರವಾಗಿ ಜೋಡಿಸಲ್ಪಟ್ಟಿದ್ದುವು. ಆದುದರಿಂದ ಪೆಟ್ಟಿಗೆಯು 4 ಓಮಿನದಾಯಿತು. ಆಂಪ್ಲಿಫಾಯರಿನ ಹಿಂಬದಿಯಲ್ಲಿ 4 ಓಮಿಗಿಂತ ಕಡಿಮೆ ಕೂಡದೆಂದು ಬರೆದಿತ್ತು. ಅಲ್ಲಿಯ ವರೆಗೆ ಎಲ್ಲವೂ ಸರಿಯೇ. ಜನಸಂದಣಿಯನ್ನು ಕಂಡ ನಾವು, ರಾಣೇಬೆನ್ನೂರಿನಿಂದ ಎರವಲು ತಂದಿದ್ದ ಅಂಥದೇ ಇನ್ನೊಂದು ಪೆಟ್ಟಿಗೆಯನ್ನೂ ಜೋಡಿಸೆಂದು ಅಪ್ಪಣೆಮಾಡಿದೆವು. "ಒಮ್ಮೆ ಲೆಕ್ಕಮಾಡಿ ನೋಡಲೇ, ಬಾಯಿಯವರೇ?" ಎಂದು ಬಾಲಿಕೆಯು ಕೇಳಿದಳು. ವೇಳೆಯಿಲ್ಲವೆಂದೆವು.

ಆ ಲೆಕ್ಕವಾವುದು? ಹಾವೇರಿಯ ಹೆಗ್ಗೇರಿ ಕೆರೆಯಂಥ ಒಂದು ಕೆರೆಯನ್ನು ನೆನೆಯಿರಿ. ನೀರಿನ ಮಟ್ಟವು ಅಷ್ಟೇ ಇರಲಾಗಿ, ಒಂದು ತೂಬಿನ ಬದಲು ಎರಡನ್ನು ತೆರೆದರೆ ಇಮ್ಮಡಿ ನೀರು ಹರಿಯುವುದು. ಮಟ್ಟವು ವೋಲ್ಟು, ಹರಿವು ಆಂಪಿಯರು, ತಡೆಯು ಓಮು. ಈ ನಿಯಮವನ್ನು 1827ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್ ಎಂಬವರೂ ಶಾಲೆಯಲ್ಲಿ ಪಾಠ ಹೇಳಿದವರೇ.

ಆಂಪ್ಲಿಫಾಯರು 20 ವೋಲ್ಟು ಕೊಡುವುದೆಂದು ಇಟ್ಟುಕೊಳ್ಳೋಣ. 4 ಓಮಿನ ಒಂದು ಪೆಟ್ಟಿಗೆಗೆ 5 ಆಂಪಿಯರು, ಅಂದರೆ 100 ವಾಟು, ಹರಿಯುವುದು. ಎರಡನೆಯ ಪೆಟ್ಟಿಗೆಯೂ ಸಮಾಂತರವಾಗಿ ಸೇರಿದರೆ ಒಟ್ಟು 2 ಓಮು. ಪ್ರವಾಹವು 10 ಆಂಪಿಯರು, ಶಕ್ತಿಯು 200 ವಾಟು. ಯಂತ್ರವು ಇಷ್ಟನ್ನು ಹೊರಲಾರದೆ ಕಾದು ನಿಂತುಹೋಯಿತು. ಪೆಟ್ಟಿಗೆಯ ಹಿಂದಿನ ಎರಡನೆಯ ಕಿಂಡಿಗೆ ತಂತಿ ಚುಚ್ಚಿದರೆ ಸಾಮಾನ್ಯವಾಗಿ ಸಮಾಂತರವೇ ಆಗುವುದೆಂಬುದನ್ನು ನಾವು ಮರೆತಿದ್ದೆವು.

ಮರುದಿನ ಆ ಬಾಲಿಕೆಯೇ ಉಪಾಯವನ್ನು ಹೇಳಿದಳು. ಪ್ರತಿ ಪೆಟ್ಟಿಗೆಯೊಳಗಿನ ಎರಡು ಸ್ಪೀಕರುಗಳನ್ನು ಸರಣಿಯಾಗಿ ಜೋಡಿಸಿದರೆ 8ಕ್ಕೆ 8 ಕೂಡಿ 16 ಓಮು. ಅಂಥ ಎರಡು ಪೆಟ್ಟಿಗೆಗಳು ಸಮಾಂತರವಾದರೆ 8 ಓಮು. ಆಗ ಯಂತ್ರವು ಕೊಡಬೇಕಾದುದು 50 ವಾಟು ಮಾತ್ರ. ಹಾಗಾದರೆ ಧ್ವನಿಯು ಕುಗ್ಗದೇ? ಕುಗ್ಗದು. ಮೊದಲು ಎರಡು ಸ್ಪೀಕರುಗಳಿಗೆ ತಲಾ 20 ವೋಲ್ಟು. ಈಗ ನಾಲ್ಕಕ್ಕೆ ತಲಾ 10 ವೋಲ್ಟು. ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಟ್ಟರೆ ಮಂದ್ರಸ್ವರದಲ್ಲಿ ನಾಲ್ಕರ ಒತ್ತಡವೂ ಒಂದುಗೂಡಿ, ಒಂದೇ ಪೆಟ್ಟಿಗೆಯು 100 ವಾಟಿಗೆ ಕೊಡುತ್ತಿದ್ದಷ್ಟೇ ಧ್ವನಿಯು ಹೆಚ್ಚುಕಡಿಮೆ ದೊರೆಯುವುದು. ಯಂತ್ರದ ಹೊರೆಯು ಮಾತ್ರ ಅರ್ಧವಾಗುವುದು.

ಮನೆಯಲ್ಲಿ ಇಂಥದನ್ನು ಕಟ್ಟುವವರು ಮೂರು ಮಾತುಗಳನ್ನು ಲಕ್ಷ್ಯದಲ್ಲಿಡಬೇಕು. ಮೊದಲನೆಯದು: ಸ್ಪೀಕರಿನ ಮೇಲೆ ಬರೆದ 8 ಓಮು ಹೆಸರಿಗೆ ಹೇಳಿದ ಬೆಲೆಯು. ಅದು ಸ್ವರದೊಡನೆ ಬದಲಾಗುವುದು. ಅನುರಣನದ ಸ್ವರದಲ್ಲಿ ಹಲವು ಪಟ್ಟು ಏರುವುದು. ಮಲ್ಟಿಮೀಟರು ಸುರುಳಿಯ ನೇರ ಪ್ರವಾಹದ ತಡೆಯನ್ನು ಮಾತ್ರ ಅಳೆಯುವುದರಿಂದ ಸುಮಾರು 6 ಎಂದು ತೋರಿಸಿದರೆ ಗಾಬರಿಯಾಗಬಾರದು. ಎರಡನೆಯದು: 4 ಓಮಿನದನ್ನೂ 8 ಓಮಿನದನ್ನೂ ಸಮಾಂತರವಾಗಿ ಬೆರೆಸಬಾರದು, ಶಕ್ತಿಯ ಮೂರರಲ್ಲಿ ಎರಡು ಪಾಲು 4 ಓಮಿನದಕ್ಕೇ ಹೋಗುವುದು. ಮೂರನೆಯದು: 1.5 ವೋಲ್ಟಿನ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ, ಎಲ್ಲ ಸ್ಪೀಕರುಗಳ ಕಾಗದದ ಶಂಕುಗಳೂ ಒಂದೇ ಕಡೆಗೆ ಚಲಿಸುವುವೋ ಎಂದು ನೋಡಬೇಕು. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ ಮಂದ್ರಸ್ವರವು ಪರಸ್ಪರ ಅಳಿದುಹೋಗುವುದು.

ಆ ಬಾಲಿಕೆಯ ಕ್ಷಮೆಯನ್ನು ನಾವು ಅಂದೇ ಕೊಠಡಿಯಲ್ಲಿ ಕೇಳಿದೆವು. ಆದರೆ ಗದರಿಸಿದ್ದು ಸಭೆಯ ಮುಂದೆ. ಆದಕಾರಣ ಅಂದಿನ ಸಭೆಯಲ್ಲಿದ್ದವರೇ ಓದುವ ಈ ಸಂಚಿಕೆಯಲ್ಲಿ ಇದನ್ನು ಬರೆದಿದ್ದೇವೆ. ಪಾಲಕರೇ, ಮಗಳು "ಲೆಕ್ಕಮಾಡಿ ನೋಡಲೇ?" ಎಂದು ಕೇಳಿದಾಗ ದಯಮಾಡಿ ವೇಳೆಯನ್ನು ಕೊಡಿರಿ.