ತೋಟದ ಕೆರೆ, ಗಾಳ ಮತ್ತು ಎರಡು ದಿನದ ರಜೆ

ಪ್ರಶ್ನೆ: ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಎರಡು ದಿನ ಇದ್ದೆವು. ಕಾಫಿ ತೋಟದ ನಡುವೆ ಅವರದೇ ಕೆರೆ. ಬೆಳಗಿನ ಜಾವ ಎದ್ದು ಹೋದರೆ ನೀರಿನ ಮೇಲೆಲ್ಲ ಮೀನಿನ ಬಾಯಿಗಳು! ಎರಡು ಗಂಟೆ ಕೂತರೂ ಒಂದೂ ಕಚ್ಚಲಿಲ್ಲ. ಇದಕ್ಕೆಂದೇ ಹೊಸ ರಾಡು, ರೀಲು ಕೊಂಡಿದ್ದೆ. ತಪ್ಪಿದ್ದು ಎಲ್ಲಿ?
— ಬೆಂಗಳೂರಿನ ಓದುಗರು

ಉತ್ತರ: ರಾಡಿನದೇನೂ ತಪ್ಪಿಲ್ಲ. ನೀವು ಕಂಡದ್ದು ಹಸಿದ ಮೀನಲ್ಲ, ಉಸಿರಿಗೆ ಪರದಾಡುತ್ತಿದ್ದ ಮೀನು. ಹಗಲು ಬಿಸಿಲಿರುವಾಗ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿಯಾದರೆ ಅದೇ ಪಾಚಿ ಮೀನಿನ ಜೊತೆ ಅದನ್ನು ಹಂಚಿಕೊಂಡು ಉಸಿರಾಡುತ್ತದೆ. ಹರಿವಿಲ್ಲದ ಕೆರೆಯಲ್ಲಿ ಹೀಗೆ ಇಡೀ ರಾತ್ರಿ ಇಳಿಯುತ್ತ ಇಳಿಯುತ್ತ, ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ಅತಿ ಕಡಿಮೆಯಾಗಿರುತ್ತದೆ. ಹಿಂದಿನ ದಿನ ಮೋಡ ಕವಿದಿದ್ದರೆ ಇನ್ನೂ ಕಷ್ಟ. ಲೀಟರ್ ನೀರಿಗೆ 5 ಮಿಲಿಗ್ರಾಂ ಇದ್ದರೆ ಗೆಂಡೆ ಮೀನು ಆರಾಮಾಗಿ ಮೇಯುತ್ತದೆ. ಅದು ತೀರಾ ಕುಸಿದಾಗ ಮೇವಿನ ಗೊಡವೆ ಬಿಟ್ಟು, ಗಾಳಿ ತಾಗುವ ಮೇಲಿನ ನೀರಿಗೆ ಬಾಯಿ ಹಾಕುತ್ತದೆ. ಮುಂದೆ ಎಂದಾದರೂ ಇದನ್ನು ಕಂಡರೆ ಗಾಳ ಬದಿಗಿಟ್ಟು ಮನೆಯವರನ್ನು ಎಬ್ಬಿಸಿ. ಸ್ಪ್ರಿಂಕ್ಲರ್ ಪಂಪು ಹಾಕಿ ಕೆರೆಯ ನೀರನ್ನು ಕೆರೆಗೇ ಚಿಮ್ಮಿಸಿದರೆ ಎಷ್ಟೋ ಮೀನು ಉಳಿಯುತ್ತವೆ.

ಇಂಥ ಕೆರೆಗೆ ಬಿಸಿಲು ಬಿದ್ದು ಒಂದೆರಡು ತಾಸಾದ ಮೇಲೆ ಹೋಗಿ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಆಮೇಲಿನದು ಆಳದ ಲೆಕ್ಕ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ನೀರಿನ ಮೀನು. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುವವು. ಕೆರೆಗೆ ಯಾವ ಮರಿ ಬಿಟ್ಟಿದ್ದಾರೆಂದು ಕೇಳಿಕೊಂಡು ಬೆಂಡನ್ನು ಆ ಆಳಕ್ಕೆ ತಕ್ಕ ಎತ್ತರಕ್ಕೆ ಕಟ್ಟಿ. ಕಡಲೆಕಾಯಿ ಹಿಂಡಿ ನೆನೆಸಿ ಗೋಧಿ ಹಿಟ್ಟಿನೊಂದಿಗೆ ಗಟ್ಟಿಯಾಗಿ ನಾದಿದರೆ ಸಾಕು. ಉಂಡೆ ಗೋಲಿಗಿಂತ ಚಿಕ್ಕದಿರಲಿ.

ಬೆಂಡು ನಡುಗಿದ ಕೂಡಲೇ ಎಳೆಯಬೇಡಿ. ಗೆಂಡೆ ಎರೆಯನ್ನು ತುಟಿಯಲ್ಲಿ ಹೀರಿ, ಉಗುಳಿ, ಮತ್ತೆ ಹೀರುತ್ತದೆ. ಬೆಂಡು ಓರೆಯಾಗಿ ಜಾರಿ ಹೋದಾಗ ಮಣಿಕಟ್ಟು ಎತ್ತಿ. ಕೆಲವೊಮ್ಮೆ ಮುಳುಗುವ ಬದಲು ಬೆಂಡು ನೀರಿನ ಮೇಲೆ ಅಡ್ಡ ಮಲಗುತ್ತದೆ: ತಳದ ಮೀನು ಎರೆಯನ್ನು ದಾರಕ್ಕೆ ಕಟ್ಟಿದ ಸೀಸದ ಗುಂಡಿನ ಸಮೇತ ಎತ್ತಿಕೊಂಡಿದೆ ಎಂದರ್ಥ. ಅದನ್ನು ಒಮ್ಮೆ ಗುರುತಿಸಿದವರು ಮರೆಯುವುದಿಲ್ಲ. ಬಿದಿರು ಕೋಲಿನಲ್ಲೂ ಇದೆಲ್ಲ ಅಷ್ಟೇ ಚೆನ್ನಾಗಿ ಆಗುತ್ತದೆ.

ಪ್ರಶ್ನೆ: ಮೂಡಿಗೆರೆ ಕಡೆ ಉಳಿದಿದ್ದಲ್ಲಿ ‘ಹಿಡಿದ ಮೀನನ್ನು ವಾಪಸ್ ಬಿಡಬೇಕು’ ಎಂಬ ಕಟ್ಟಳೆ. ಮಗ ಹಿಡಿದದ್ದನ್ನು ಫೋಟೊ ತೆಗೆದು ಬಿಟ್ಟೆವು, ಈಜಿಕೊಂಡು ಹೋಯಿತು. ವಾರದೊಳಗೆ ಅದೇ ಮೀನು ಸತ್ತು ತೇಲಿತೆಂದು ಮಾಲೀಕರು ಹೇಳಿದರು. ಮಗ ಇನ್ನೂ ಅದನ್ನೇ ಹೇಳುತ್ತಾನೆ.
— ದಾವಣಗೆರೆಯ ಓದುಗರು

ಉತ್ತರ: ಮಗನಿಗೆ ಹೇಳಿ, ನನ್ನ ಕೈಯಲ್ಲೂ ಹೀಗಾಗಿದೆ. ಒಂದು ತೋಟದ ಕೆರೆಯಲ್ಲಿ ಸಿಕ್ಕ ರೋಹುವನ್ನು ಒಣ ಕೈಯಲ್ಲಿ ಬಿಗಿಯಾಗಿ ಹಿಡಿದು, ಗೆಳೆಯರಿಗೆಲ್ಲ ತೋರಿಸಿ ಬಿಟ್ಟಿದ್ದೆ. ಐದನೇ ದಿನ ಅದು ದಂಡೆಯ ಜೊಂಡಿನ ಪಕ್ಕ ಬಂದು ನಿಂತಿತ್ತು. ಬೆನ್ನ ಮೇಲೆ ನಾಲ್ಕು ಬಿಳಿ ಪಟ್ಟೆ, ಹತ್ತಿ ಅಂಟಿಸಿದಂಥ ಬೂಷ್ಟು. ನನ್ನ ನಾಲ್ಕು ಬೆರಳು ಇದ್ದ ಜಾಗವೇ ಅದು.

ಮೀನಿನ ಮೈಮೇಲಿನ ಲೋಳೆ ಅದರ ರಕ್ಷಾಕವಚ. ಒಣ ಕೈ, ಟವೆಲ್ಲು, ಬಿಸಿ ಕಲ್ಲು ತಾಗಿದರೆ ಅದು ಕಿತ್ತು ಬರುತ್ತದೆ. ಬರಿದಾದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಅಂದಿನಿಂದ ನಾನು ಮೊದಲು ಕೈ ತೋಯಿಸಿಕೊಳ್ಳುತ್ತೇನೆ. ಕೊಕ್ಕೆಯ ತುದಿಯ ಚಿಕ್ಕ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅದುಮಿ ತಂದಿರುತ್ತೇನೆ, ಬಿಡಿಸುವುದು ಸಲೀಸು. ಕಿವಿರಿಗೆ ಬೆರಳು ಹಾಕುವುದಿಲ್ಲ. ಫೋಟೊ ಬೇಕೇ ಬೇಕೆಂದರೆ ಮೀನು ನೀರಲ್ಲೇ ಇರುವಾಗ ಕ್ಯಾಮೆರಾ ಸಿದ್ಧಮಾಡಿ, ಒಂದು ಉಸಿರು ಹಿಡಿದಿರುವಷ್ಟು ಹೊತ್ತು ಮಾತ್ರ ಎತ್ತಿ. ಬಿಡುವಾಗ ಎಸೆಯಬೇಡಿ, ಅಂಗೈ ಮೇಲೆ ನೇರವಾಗಿ ನಿಲ್ಲಿಸಿ, ತಾನಾಗಿ ಹೋಗಲಿ. ಕಡು ಬೇಸಿಗೆಯ ಮಧ್ಯಾಹ್ನ ನೀರು ಬಿಸಿಯಾದಾಗ ಹಿಡಿದು ಬಿಟ್ಟ ಮೀನು ಬದುಕುವುದು ಕಷ್ಟ. ಆ ಹೊತ್ತು ಗಾಳ ಹಾಕದಿರುವುದೇ ಸರಿ.

ಪ್ರಶ್ನೆ: ಮೊದಲ ಮಳೆಗೆ ಅಜ್ಜನ ಜೊತೆ ಹತ್ತುಮೀನು ಹಿಡಿಯಲು ಹೋಗುತ್ತಿದ್ದೆ. ಈಗ ಕೊಡಗಿನ ಒಂದು ಕಾಟೇಜಿನ ಕೆರೆಯಲ್ಲಿ ಜೂನ್‌ನಲ್ಲಿ ಸಿಕ್ಕ ಕಾಟ್ಲಾದ ಹೊಟ್ಟೆ ತುಂಬ ಮೊಟ್ಟೆ. ಪಾಪ ಅನ್ನಿಸಿತು. ಇಂಥದನ್ನು ಹಿಡಿಯಬಹುದೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವು ಉತ್ತರದ ದೊಡ್ಡ ನದಿಗಳ ಮೀನು. ಮಳೆಗಾಲದ ಹರಿವ ನೆರೆನೀರು ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಗುಂಪಿನ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ತೋಟದ ಕೆರೆಯ ಕಾಟ್ಲಾ ಪ್ರತಿಯೊಂದೂ ಹೀಗೆ ಚುಚ್ಚುಮದ್ದಿನಿಂದ ಹುಟ್ಟಿಸಿದ ಮರಿಯಾಗಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದು, ಮಾಲೀಕರು ಎಣಿಸಿ ಬಿಟ್ಟದ್ದು. ಅವರು ಒಪ್ಪಿದರೆ ಹಿಡಿಯಿರಿ, ಆ ಮೊಟ್ಟೆಯಿಂದ ಕೆರೆಯಲ್ಲಿ ಮರಿಯಾಗುವುದಿರಲಿಲ್ಲ. ಸಾಮಾನ್ಯ ಗೆಂಡೆ ಹಾಗಲ್ಲ, ಅದು ಕೆರೆಯಲ್ಲೇ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ.

ನಿಮ್ಮ ಕರುಣೆ ನಿಜವಾಗಿ ಸಲ್ಲಬೇಕಾದದ್ದು ಆ ಹತ್ತುಮೀನಿಗೆ. ಮೊದಲ ಮಳೆಗೆ ಹಳ್ಳ ಏರಿ ಗದ್ದೆಗೆ ಬರುವ ನಮ್ಮ ನಾಡಿನ ಮೀನು ಮೊಟ್ಟೆ ಇಡಲೆಂದೇ ಬರುತ್ತದೆ. ಅಜ್ಜನ ಕಾಲದಲ್ಲಿ ಹಳ್ಳದ ತುಂಬ ಮೀನಿತ್ತು. ಈಗ ಅದನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಕೆರೆ ಮೀನು ಎಷ್ಟು ತೊಳೆದರೂ ಮಣ್ಣು ವಾಸನೆ.
— ಮೈಸೂರಿನ ಓದುಗರು

ಉತ್ತರ: ನೀರಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತುವಿನ ವಾಸನೆ ಅದು. ಮೊದಲ ಮಳೆಯ ಮಣ್ಣಿನ ಘಮವೂ ಇದರದೇ. ಮಾಂಸದೊಳಗೇ ಸೇರಿರುವುದರಿಂದ ತೊಳೆದರೆ ಹೋಗದು, ಹುಳಿಗೆ ಒಡೆಯುತ್ತದೆ. ಹುಣಸೆ ಹುಳಿ ಸವರಿ ಅರ್ಧ ತಾಸು ಬಿಡಿ. ಕೊಡಗಿನಲ್ಲಿದ್ದರೆ ಅಲ್ಲಿನ ಹಣ್ಣಿನ ಹುಳಿಯಾದ ಕಾಚಂಪುಳಿ ಕೇಳಿ ಪಡೆಯಿರಿ, ಅದರಷ್ಟು ಚೆನ್ನಾಗಿ ಹುಣಸೆಯೂ ಕೆಲಸ ಮಾಡದು.

ಪ್ರಶ್ನೆ: ಎಂಟು ವರ್ಷದ ಮಗಳೂ ಬರುತ್ತೇನೆ ಎನ್ನುತ್ತಾಳೆ. ಕೆರೆ ಚಿಕ್ಕದು, ನೀರು ಅಲುಗುವುದೇ ಇಲ್ಲ. ಹೆದರಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಹೆದರಬೇಕು. ಊರ ಕೆರೆ ಮೆಲ್ಲಗೆ ಆಳವಾಗುತ್ತ ಹೋಗುತ್ತದೆ. ಕಾಫಿಗೆ ನೀರು ಹಾಯಿಸಲು ಜೆಸಿಬಿಯಿಂದ ತೋಡಿದ ಎಷ್ಟೋ ಕೆರೆಗಳಿಗೆ ಆ ಇಳಿಜಾರಿಲ್ಲ, ದಂಡೆಯಿಂದ ಎರಡು ಹೆಜ್ಜೆಗೆ ಆಳುದ್ದ ನೀರು. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಟ್ಟ ಮೇಲೆ ಮಟ್ಟ ಇಳಿದು, ಮೇಲೆ ಒಣಗಿ ಒಳಗೆ ಹಸಿಯಿರುವ ಜೇಡಿ ದಂಡೆ ಹೊರಬೀಳುತ್ತದೆ. ಕಾಲಿಟ್ಟರೆ ಜಾರುವುದೇ. ಮಗಳಿಗೆ ದಂಡೆಯಲ್ಲೂ ಲೈಫ್ ಜಾಕೆಟ್ ಹಾಕಿ, ಕೈಗೆಟುಕುವ ದೂರದಲ್ಲಿ ಕೂರಿಸಿಕೊಳ್ಳಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಕರೆಂಟ್ ತಂತಿ ಕೆರೆಯ ಮೇಲೆ ಹಾದಿದ್ದರೆ ಅದರ ಕೆಳಗೆ ಬೀಸಬೇಡಿ.

ಸಕಲೇಶಪುರ, ಕೊಡಗಿನ ಕಡೆ ಇನ್ನೊಂದು ಮಾತು. ಸಂಜೆ ಕತ್ತಲಾಗುತ್ತಿದ್ದಂತೆ ತೋಟದ ಕೆರೆಗೆ ಆನೆ ಇಳಿಯುತ್ತದೆ. ದಂಡೆಯಲ್ಲಿ ಹಸಿ ಲದ್ದಿಯೋ ಮುರಿದ ಬೈನೆ ಮರವೋ ಕಂಡರೆ ಬೆಂಡು ಮುಳುಗುತ್ತಿದ್ದರೂ ದಾರ ಸುತ್ತಿ, ಬೆಳಕಿರುವಾಗಲೇ ಮನೆ ಸೇರಿ.